ಮುಡಿ ಕೊಟ್ಟ ಮೇಲೆ



ಈ ಸಲದ ಕಾಗದಗಳ ಕಟ್ಟಿನಲ್ಲಿ ಕಳಸದ ಕಡೆಯಿಂದ ಬಂದ ಒಂದು ಪತ್ರ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿತು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಸಂಗತಿ ಇಷ್ಟು. ಅವರ ನೆರೆಮನೆಯ ಗೆಳತಿಗೆ ಸ್ತನದ ಕ್ಯಾನ್ಸರ್. ಮೂರು ವಾರಕ್ಕೊಮ್ಮೆ ಕುದುರೆಮುಖದ ದಾರಿಯಲ್ಲಿ ಘಟ್ಟ ಇಳಿದು ಹೋಗಿ ಔಷಧ ಏರಿಸಿಕೊಂಡು ಬರುತ್ತಾರೆ. ಎರಡನೇ ಸಲ ಹೋಗುವ ಹೊತ್ತಿಗೆ ತಲೆಗೂದಲು ದಿಂಬಿನ ಮೇಲೆ ರಾಶಿ ರಾಶಿ. ಅಂದಿನಿಂದ ಆಕೆ ಅಂಗಳಕ್ಕೂ ಇಳಿಯುತ್ತಿಲ್ಲ. ಹಾಲು ಹಾಕುವ ಹುಡುಗ ಬಂದರೂ ಬಾಗಿಲ ಹಿಂದೆ ನಿಂತೇ ಮಾತು.

ಪತ್ರ ಬರೆದ ಸೋದರಿಗೆ ಒಂದು ಮನಸ್ಸು ಬಂದಿದೆ. ಸ್ತ್ರೀಶಕ್ತಿ ಸಂಘದ ಮೂಲಕ ಹಣ ಕೂಡಿಸುವುದು, ಆ ದಿನ ಎಲ್ಲರೆದುರು ತಾವೂ ತಲೆ ಬೋಳಿಸಿಕೊಳ್ಳುವುದು. ಯಜಮಾನರು "ನಿನ್ನಿಷ್ಟ" ಅಂದರಂತೆ. ಅತ್ತೆಯವರು ಮಾತ್ರ "ಮಗ ಗಟ್ಟಿಮುಟ್ಟಾಗಿ ಇರುವಾಗ ಮನೆ ಸೊಸೆ ತಲೆ ಬೋಳಿಸ್ಕೊಳ್ಳೋದಾ? ಎಂತ ಅಪಶಕುನ ಮಾರಾಯ್ತಿ!" ಎಂದು ರಾತ್ರಿ ಊಟವನ್ನೇ ಬಿಟ್ಟರಂತೆ. "ಅಕ್ಕಾ, ನಾನು ಮಾಡಲೋ ಬೇಡವೋ? ಮಾಡಿದರೆ ಕೂದಲು ಮೊದಲಿನ ಹಾಗೆ ಬರುತ್ತದೋ ಇಲ್ಲವೋ?" ಎಂದು ಕೇಳಿದ್ದಾರೆ.

ಮೊದಲು ಅತ್ತೆಯವರ ಮಾತು. ಅವರನ್ನು ನೋಡಿ ನಗಬೇಡಿ. ನಮ್ಮ ಮಲೆನಾಡಿನಲ್ಲಿ ಹೆಂಗಸಿನ ಬೋಳು ತಲೆಗೆ ಬಹುಕಾಲ ಇದ್ದದ್ದು ಒಂದೇ ಅರ್ಥ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನು ನಿಮ್ಮಲ್ಲಿ ಅನೇಕರು ಓದಿರುತ್ತೀರಿ. 1976ರಲ್ಲಿ ಬಂತು, 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಿತ್ರ ಮಾಡಿದರು. ಗಂಡನ ಮುಖವನ್ನೇ ಸರಿಯಾಗಿ ನೋಡದ ಹುಡುಗಿ ವಿಧವೆಯಾಗಿ, ಮೈನೆರೆದ ಮೇಲೆ ತಲೆ ಕೊಟ್ಟು, ಬದುಕಿಡೀ ಕೆಂಪು ಸೀರೆಯ ಸೆರಗಿನ ಮರೆಯಲ್ಲಿ ಕಳೆದ ಕಥೆ. ಅಂಥ ಅಜ್ಜಿಯರನ್ನು ಕಣ್ಣಾರೆ ಕಂಡವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ನಿಮ್ಮ ಅತ್ತೆಯವರೂ ಕಂಡಿರಬಹುದು. ಅವರ ಹೆದರಿಕೆ ಬಂದದ್ದು ಅಲ್ಲಿಂದ.

ಆದರೆ ಅದೇ ಅತ್ತೆಯವರನ್ನು ಒಂದು ಮಾತು ಕೇಳಿ ನೋಡಿ. ತಿರುಪತಿಗೆ ಹರಕೆ ಹೊತ್ತು ಹೋದ ಮುತ್ತೈದೆಯರು ಪೂರ್ತಿ ಮುಡಿ ಕೊಟ್ಟು, ತಲೆಗೆ ಗಂಧ ಬಳಿದುಕೊಂಡು, ನಗುನಗುತ್ತಾ ಪ್ರಸಾದ ಹಂಚುವುದಿಲ್ಲವೇ? ಅವರ ಮನೆಗೆ ಹೋಗಿ ಯಾರಾದರೂ ಅಪಶಕುನ ಅಂದದ್ದುಂಟೇ? ದೇವರೆದುರು ಕೊಟ್ಟರೆ ಪುಣ್ಯ, ಕಾಯಿಲೆ ಬಿದ್ದ ಗೆಳತಿಯ ಹೆಸರಿನಲ್ಲಿ ಕೊಟ್ಟರೆ ಕೇಡು ಅನ್ನುವುದು ಯಾವ ಲೆಕ್ಕ? ಇದನ್ನು ಜಗಳವಾಗಿ ಹೇಳಬೇಡಿ. ಹರಕೆ ಅಂತಲೇ ಹೇಳಿ, ಅದು ಸುಳ್ಳೂ ಅಲ್ಲ. ಮಂಗಳವಾರ, ಶುಕ್ರವಾರ, ಅಮಾವಾಸ್ಯೆ ಬಿಟ್ಟು ಒಂದು ದಿನವನ್ನು ಅವರೇ ನೋಡಿ ಹೇಳಲಿ. ದಿನ ನೋಡಿಕೊಟ್ಟ ಹಿರಿಯರು ಆಮೇಲೆ ಊಟ ಬಿಡುವುದಿಲ್ಲ!

ನೀವೇ ಮೊದಲಿಗರೂ ಅಲ್ಲ. ಕೇರಳದ ತ್ರಿಶೂರು ಜಿಲ್ಲೆಯ ಮಹಿಳಾ ಪೊಲೀಸ್ ಅಪರ್ಣಾ ಲವಕುಮಾರ್ 2019ರಲ್ಲಿ ತಮ್ಮ ಉದ್ದನೆಯ ಕೂದಲನ್ನು ಕ್ಯಾನ್ಸರ್ ರೋಗಿಗಳ ವಿಗ್ಗಿಗೆಂದು ಕೊಟ್ಟು, ತಲೆ ನುಣ್ಣಗೆ ಬೋಳಿಸಿಕೊಂಡೇ ಕೆಲಸಕ್ಕೆ ನಿಂತರು. ಆಸ್ಪತ್ರೆಯ ಬಿಲ್ಲು ಕಟ್ಟಲಾಗದ ಸಂಸಾರಕ್ಕೆ ಹಿಂದೊಮ್ಮೆ ಕೈಬಳೆ ಬಿಚ್ಚಿ ಕೊಟ್ಟ ಹೆಣ್ಣುಮಗಳು ಆಕೆ. ನಮ್ಮ ಕನ್ನಡದ ನಟ ಧ್ರುವ ಸರ್ಜಾ 'ಪೊಗರು' ಚಿತ್ರಕ್ಕಾಗಿ ಬೆಳೆಸಿದ್ದ ಕೂದಲನ್ನು 2020ರಲ್ಲಿ ಕತ್ತರಿಸಿ ಕ್ಯಾನ್ಸರ್ ಪೀಡಿತ ಮಕ್ಕಳಿಗೆಂದು ಕೊಟ್ಟರು. ತಲೆ ಬೋಳಿಸಿ ಹಣ ಕೂಡಿಸುವ ಪದ್ಧತಿ ಹೊರದೇಶದ್ದು. ನ್ಯೂಯಾರ್ಕಿನಲ್ಲಿ 2000ದ ಮಾರ್ಚ್ 17ರಂದು ಕೆಲವು ಸ್ನೇಹಿತರು 17 ತಲೆ ಬೋಳಿಸಿ 17 ಸಾವಿರ ಡಾಲರ್ ಕೂಡಿಸೋಣ ಎಂದು ಹೊರಟರು. ಕೂಡಿದ್ದು ಒಂದು ಲಕ್ಷಕ್ಕೂ ಮೇಲೆ. ಅದು ಮಕ್ಕಳ ಕ್ಯಾನ್ಸರಿನ ಸಂಶೋಧನೆಗೆ ಹೋಯಿತು.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದದ್ದು. ಸೋದರಿ, ನಿಮ್ಮ ಪತ್ರ ನಾಲ್ಕು ಪುಟ ಇದೆ. ಯಜಮಾನರು ಏನಂದರು, ಅತ್ತೆ ಏನಂದರು, ಸಂಘದ ಅಧ್ಯಕ್ಷೆ ಏನಂದರು, ಎಲ್ಲ ಬರೆದಿದ್ದೀರಿ. ನಿಮ್ಮ ಗೆಳತಿ ಏನಂದರು ಎಂಬುದು ಮಾತ್ರ ಎಲ್ಲೂ ಇಲ್ಲ. ಅವರನ್ನು ಕೇಳಿದಿರಾ?

ಕೇಳಲೇಬೇಕು. ಕಳಸದಂಥ ಊರಿನಲ್ಲಿ ಸಂಘದ ಸಭೆಯಲ್ಲಿ ಒಂದು ಹೆಸರು ಬಂದರೆ ಸಂಜೆಯೊಳಗೆ ಹೊರನಾಡಿನವರೆಗೂ ಹೋಗುತ್ತದೆ. ಸ್ತನದ ಕಾಯಿಲೆ ಎಂದು ಬಾಯಿಬಿಟ್ಟು ಹೇಳಲು ಸಂಕೋಚಪಡುವವರು ನಮ್ಮಲ್ಲಿ ಎಷ್ಟೋ ಜನ. ಮದುವೆಗೆ ಬೆಳೆದ ಮಗಳಿದ್ದರಂತೂ ಆ ಭಯ ಬೇರೆ. ಅವರ ಹೆಸರು, ಅವರ ಫೋಟೋ ವಾಟ್ಸಾಪಿನಲ್ಲಿ ಹರಿದಾಡುವುದನ್ನು ಅವರು ಒಪ್ಪದೆ ಇರಬಹುದು. ಇನ್ನೊಂದೂ ಇದೆ. ನೀವು ಬೋಳಿಸಿಕೊಂಡು ಎದುರು ನಿಂತರೆ "ನನ್ನಿಂದ ಇವಳಿಗೂ ಈ ಗತಿ ಬಂತಲ್ಲ" ಎಂದು ಅವರು ಇನ್ನಷ್ಟು ಕುಗ್ಗಬಹುದು, ಅಥವಾ ನಿಮ್ಮ ಕೈ ಹಿಡಿದು ಜೊತೆಗೆ ಅಂಗಳಕ್ಕೆ ಇಳಿಯಬಹುದು. ಎರಡರಲ್ಲಿ ಯಾವುದು ಎಂದು ನಾನು ಇಲ್ಲಿ ಕೂತು ಹೇಳಲಾರೆ. ನೀವೂ ಊಹಿಸಬೇಡಿ. ಅವರು ಬೇಡ ಅಂದರೆ ತಲೆಯ ಮಾತು ಅಲ್ಲಿಗೆ ಬಿಡಿ. ಹಣದ ಮಾತು ಬಿಡಬೇಡಿ. ಚಿಕಿತ್ಸೆಗೆ ಹೋಗುವ ದಿನ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಹೋಗಿ ಬನ್ನಿ. ಬಿ.ವಿ. ಭಾರತಿಯವರು ತಮ್ಮ ಕ್ಯಾನ್ಸರಿನ ಅನುಭವ ಬರೆದ 'ಸಾಸಿವೆ ತಂದವಳು' ಸಿಕ್ಕರೆ ಓದಲು ಕೊಡಿ. ಈ ದಾರಿ ನಡೆದು ಬಂದವರ ಮಾತಿಗೆ ಇರುವ ತೂಕ ನನ್ನ ನಿಮ್ಮ ಮಾತಿಗೆ ಬರುವುದಿಲ್ಲ.

ಅವರು ಒಪ್ಪಿದರೆ, ಹಣದ ವಿಷಯದಲ್ಲಿ ಬಿಗಿಯಾಗಿರಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಆ ಕಾರ್ಡು ಆಗಿದೆಯೇ, ಹೋಗುವ ಆಸ್ಪತ್ರೆ ಯೋಜನೆಯಲ್ಲಿ ಇದೆಯೇ ಎಂದು ಮೊದಲು ವಿಚಾರಿಸಿ. ಬೆಂಗಳೂರಿನಲ್ಲಿ 1973ರಿಂದ ಇರುವ ಕಿದ್ವಾಯಿ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆಯೂ ಇದೆ. ಆದರೆ ಬಸ್ ಚಾರ್ಜು, ಜೊತೆಗೆ ಬಂದವರ ಊಟ, ರೂಮಿನ ಬಾಡಿಗೆ, ಗಂಡ ತೋಟದ ಕೆಲಸಕ್ಕೆ ಹೋಗದ ದಿನಗಳ ಕೂಲಿ, ಇವೆಲ್ಲ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಮನೆ ಅಲ್ಲಾಡುವುದು ಇಂಥ ಖರ್ಚಿನಿಂದಲೇ. ಕೂಡಿಸಿದ ಹಣಕ್ಕೆ ರಸೀದಿ ಪುಸ್ತಕ ಇರಲಿ, ಇಬ್ಬರ ಸಹಿ ಇರಲಿ, ಹಣ ನೇರ ಅವರ ಬ್ಯಾಂಕಿನ ಖಾತೆಗೇ ಹೋಗಲಿ.

ಕತ್ತರಿಸಿದ ಕೂದಲನ್ನು ಕಸಕ್ಕೆ ಹಾಕಬೇಡಿ. ವಿಗ್ಗಿಗೆ ಕೂದಲು ಪಡೆಯುವ ಸಂಸ್ಥೆಗಳಿವೆ. ಸಾಮಾನ್ಯವಾಗಿ 12 ಅಂಗುಲ ಅಥವಾ ಮೇಲ್ಪಟ್ಟ ಉದ್ದ ಕೇಳುತ್ತಾರೆ. ತಲೆ ತೊಳೆದು, ಪೂರ್ತಿ ಒಣಗಿಸಿ, ಎಣ್ಣೆ ಹಚ್ಚದೆ ಜಡೆ ಹೆಣೆದು, ಎರಡೂ ತುದಿಗೆ ರಬ್ಬರ್ ಬ್ಯಾಂಡ್ ಹಾಕಿ, ಜಡೆಯನ್ನು ಹಾಗೇ ಕತ್ತರಿಸಬೇಕು. ನೆಲದಿಂದ ಗುಡಿಸಿದ ಕೂದಲು ಬಾರದು. ಬಣ್ಣ ಹಾಕಿದ್ದರೆ ಮೊದಲೇ ಕೇಳಿ. ಒಂದು ವಿಗ್ಗಿಗೆ ಹಲವರ ಜಡೆ ಬೇಕು, ಆದ್ದರಿಂದ ನಿಮ್ಮ ಜಡೆ ನಿಮ್ಮ ಗೆಳತಿಯ ತಲೆಗೇ ಬರುತ್ತದೆ ಎಂದುಕೊಳ್ಳಬೇಡಿ. ಜಡೆ ತೆಗೆದ ಮೇಲೆ ಮಷೀನು ಹಿಡಿಯಲಿ. ಬ್ಲೇಡೇ ಆದರೆ ಹೊಸದು, ನಿಮ್ಮೆದುರು ಬಿಚ್ಚಿದ್ದು. ಮನೆಯ ಚಿಕ್ಕ ಮಕ್ಕಳಿಗೆ ಮುಂಚಿತವಾಗಿ ಹೇಳಿಡಿ, ಅಮ್ಮನ ಗುರುತು ಸಿಗದೆ ಅತ್ತುಬಿಡುತ್ತವೆ!

ಈಗ ಎರಡನೇ ಪ್ರಶ್ನೆ. ಬರುತ್ತದೆ, ಖಂಡಿತ ಬರುತ್ತದೆ. ಕೂದಲಿನ ಬೇರು ಚರ್ಮದೊಳಗೆ ಇರುವುದರಿಂದ ಬ್ಲೇಡು ಅದನ್ನು ಮುಟ್ಟುವುದೇ ಇಲ್ಲ. ಬೋಳಿಸಿದರೆ ದಟ್ಟವಾಗಿ ಬರುತ್ತದೆ ಎಂದು ನಾವೆಲ್ಲ ಕೇಳುತ್ತಲೇ ಬೆಳೆದವರು. ಅದು ನಿಜವಲ್ಲ. 1928ರಲ್ಲೇ ಅಮೆರಿಕದ ಮಿಲ್ಡ್ರೆಡ್ ಟ್ರಾಟರ್ ಎಂಬ ವಿಜ್ಞಾನಿ ಗಂಡಸರ ಗಡ್ಡದ ಕೂದಲನ್ನು ಅಳೆದು ನೋಡಿ, ಬೋಳಿಸುವುದರಿಂದ ಕೂದಲಿನ ದಪ್ಪವೂ ವೇಗವೂ ಬದಲಾಗದು ಎಂದು ತೋರಿಸಿದರು. ಹೊಸ ಕೂದಲಿನ ತುದಿ ಮೊಂಡಾಗಿರುವುದರಿಂದ ಕೈಗೆ ಒರಟು, ಅಷ್ಟೆ.

ತಿಂಗಳಿಗೆ ಒಂದು ಸೆಂಟಿಮೀಟರು, ಸ್ವಲ್ಪ ಹೆಚ್ಚು ಅಂತಿಟ್ಟುಕೊಳ್ಳಿ. ನಮ್ಮ ತೋಟದ ಲೆಕ್ಕದಲ್ಲಿ ಹೇಳುತ್ತೇನೆ. ಹೂಮಳೆ ಬಿದ್ದು ಕಾಫಿ ಹೂ ಬಿಡುವ ಹೊತ್ತಿಗೆ ಬೋಳಿಸಿದರೆ, ಮುಂಗಾರು ಹಿಡಿಯುವಾಗ ಗಂಡುಮಕ್ಕಳ ಕ್ರಾಪಿನಷ್ಟು. ಅರೇಬಿಕಾ ಕೊಯ್ಲಿಗೆ ಕಿವಿಯ ಮೇಲೆ ಬೀಳುತ್ತದೆ. ಆ ಮಧ್ಯದ ತಿಂಗಳುಗಳೇ ಕಷ್ಟ, ಬಾಚಿದರೂ ನಿಲ್ಲದು, ಕಟ್ಟಲೂ ಆಗದು, ಪಿನ್ನೇ ಗತಿ. ಮರುವರ್ಷದ ಹೂವಿಗೆ ಸುಮಾರು ಅರ್ಧ ಅಡಿ. ಪುಟ್ಟ ಜಡೆಗೆ ಎರಡು ವರ್ಷ, ಸೊಂಟ ಮುಟ್ಟಲು ಐದು ವರ್ಷ ಬೇಕು. ಅಷ್ಟು ಕಾಯುವ ಮನಸ್ಸಿದ್ದರೆ ಮಾತ್ರ ಕೂತುಕೊಳ್ಳಿ. ಮೊದಲ ವಾರಗಳಲ್ಲಿ ಬಿಸಿಲಿಗೆ ಹೋಗುವಾಗ ಹತ್ತಿಯ ವಸ್ತ್ರ ಕಟ್ಟಿ. ಮಳೆಗಾಲದಲ್ಲಾದರೆ ಒಂದು ಲಾಭವುಂಟು, ಒಲೆಯ ಮುಂದೆ ಕೂತು ತಲೆ ಒಣಗಿಸುವ ಕೆಲಸ ಇಲ್ಲ!

ನಿಮ್ಮ ಗೆಳತಿಗೂ ಇದನ್ನು ಹೇಳಿ. ಕೀಮೋ ಔಷಧ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತದೆ. ಕೂದಲಿನ ಬೇರೂ ಹಾಗೆ ಬೆಳೆಯುವಂಥದ್ದೇ, ಅದಕ್ಕೆ ಉದುರುವುದು. ಎಲ್ಲ ಔಷಧಕ್ಕೂ ಉದುರುವುದಿಲ್ಲ. ಸ್ತನಕ್ಕೆ ಕೊಡುವ ರೇಡಿಯೇಶನ್ನಿಗೆ ತಲೆಗೂದಲು ಹೋಗುವುದಿಲ್ಲ. ಉದುರಿದ್ದು ಔಷಧದಿಂದ, ಕಾಯಿಲೆ ಜಾಸ್ತಿಯಾಗಿ ಅಲ್ಲ ಎಂಬುದನ್ನು ಅವರಿಗೆ ಯಾರಾದರೂ ಬಿಡಿಸಿ ಹೇಳಿದ್ದಾರೋ ಇಲ್ಲವೋ. ಚಿಕಿತ್ಸೆ ಮುಗಿದು ಒಂದರಿಂದ ಮೂರು ತಿಂಗಳಲ್ಲಿ ಸಾಮಾನ್ಯವಾಗಿ ಮತ್ತೆ ಚಿಗುರುತ್ತದೆ. ನೆಟ್ಟಗಿದ್ದ ಕೂದಲು ಗುಂಗುರಾಗಿ ಬಂದರೆ, ಬಣ್ಣ ಸ್ವಲ್ಪ ಬೇರೆಯಾದರೆ ಗಾಬರಿ ಬೇಡ. ಅನೇಕರಿಗೆ ಕ್ರಮೇಣ ಸರಿಹೋಗುತ್ತದೆ.

ಕೂದಲು ಬೇಗ ಬರಲು ಯಾವ ಎಣ್ಣೆ ಎಂದೂ ಕೇಳಿದ್ದೀರಿ. ಬೇಗ ಬರಿಸುವ ಎಣ್ಣೆ ಯಾವುದೂ ಇಲ್ಲ, ಜಾಹೀರಾತು ನೋಡಿ ದುಡ್ಡು ಸುರಿಯಬೇಡಿ. ಹುರುಳಿ, ಸೊಪ್ಪು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಇವುಗಳನ್ನು ಊಟದಲ್ಲಿ ತಪ್ಪಿಸಬೇಡಿ. ಎರಡು ತಿಂಗಳಾದ ಮೇಲೆ ಹಿತ್ತಿಲಿನ ದಾಸವಾಳದ ಎಲೆ ಎರಡು ಹಿಡಿ ಕಿತ್ತು, ತೊಳೆದು, ನೀರಿನಲ್ಲಿ ಚೆನ್ನಾಗಿ ಕಿವುಚಿ, ಬಟ್ಟೆಯಲ್ಲಿ ಸೋಸಿ, ಆ ಗೊಂಪನ್ನು ತಲೆಗೆ ಹಚ್ಚಿ ಕಾಲು ಗಂಟೆ ಬಿಟ್ಟು ತೊಳೆದುಕೊಳ್ಳಿ. ನೆತ್ತಿ ತಂಪಾಗುತ್ತದೆ, ಒರಟು ಕೂದಲು ಮೆತ್ತಗಾಗುತ್ತದೆ. ಇದು ನಿಮಗೆ ಹೇಳಿದ್ದು. ನಿಮ್ಮ ಗೆಳತಿಯ ನೆತ್ತಿ ಈಗ ಬಹಳ ಸೂಕ್ಷ್ಮವಾಗಿರುತ್ತದೆ, ಅವರಿಗೆ ಗೊಂಪಾಗಲಿ ಮೆಹೆಂದಿಯಾಗಲಿ ಡಾಕ್ಟರನ್ನು ಕೇಳದೆ ಹಚ್ಚಬೇಡಿ.