ಕಾರಿಗಿರುವ ಜಾಗ ನಮಗೇಕಿಲ್ಲ?



ಸರ್ಕಾರದ ಲೆಕ್ಕದಲ್ಲಿ ಬಡವನ ಮನೆ ಎಷ್ಟು ದೊಡ್ಡದು ಗೊತ್ತೇನು? 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರದ ಕಡುಬಡವರಿಗೆ ಇಟ್ಟ ಅಳತೆ 30 ಚದರ ಮೀಟರಿನವರೆಗೆ. ಅಪ್ಪ, ಅವ್ವ, ಮಕ್ಕಳು, ಒಲೆ, ಬಚ್ಚಲು ಎಲ್ಲಾ ಅದರೊಳಗೇ. ಒಂದು ಕಾರಿಗೆ ಎಷ್ಟು? ‘ದೆಹಲಿ ಮಾಸ್ಟರ್ ಪ್ಲಾನ್ 2021’ ನೆಲಮಾಳಿಗೆಯ ಒಂದು ಕಾರಿಗೆ, ಓಡಾಡುವ ದಾರಿ ಸೇರಿಸಿ, 32 ಚದರ ಮೀಟರು ಬರೆದಿದೆ. ಸಂಸಾರಕ್ಕಿಂತ ತಗಡಿಗೇ ಹೆಚ್ಚು!

ಬೆಂಗಳೂರಿನಲ್ಲೂ ದೊಡ್ಡ ಕಟ್ಟಡ ಕಟ್ಟೋರು ಕಾರಿಗೆ ಇಷ್ಟು ಅಂತ ಜಾಗ ಬಿಡಲೇಬೇಕು. ಇಲ್ಲಾಂದ್ರೆ ನಕ್ಷೆ ಮಂಜೂರಾಗಲ್ಲ. ಆ ಖರ್ಚು ಬಾಡಿಗೆಗೆ ಸೇರುತ್ತೆ, ಅಂಗಡಿ ಸಾಮಾನಿಗೆ ಸೇರುತ್ತೆ. ಬಸ್ಸಿನಲ್ಲಿ ಬಂದವನೂ ಅದನ್ನು ತೆರಬೇಕು. 2011ರ ಜನಗಣತಿಯಲ್ಲಿ ದೇಶದ ನಗರಗಳ ನೂರು ಮನೆಗಳಲ್ಲಿ ಕಾರಿದ್ದದ್ದು ಹತ್ತಕ್ಕೂ ಕಡಿಮೆ. ಆಮೇಲೆ ಕಾರು ಹೆಚ್ಚಿವೆ, ನಿಜ. ನಮ್ಮ ಕೇರಿಗಳಲ್ಲಿ ಎಷ್ಟು ಹೆಚ್ಚಿವೆ? ರಸ್ತೆ ಬದಿ ಕಾರು ಪುಕ್ಕಟೆ ನಿಲ್ಲುತ್ತೆ. ಅಲ್ಲೇ ತಳ್ಳುಗಾಡಿ ನಿಂತರೆ ಲಾಠಿ.

ಜಾಗ ಕೊಟ್ಟಷ್ಟೂ ಕಾರು ಹೆಚ್ತವೆ, ಹೊಗೆ ಹೆಚ್ಚುತ್ತೆ. ಕಾಂಕ್ರೀಟು ಬಳಿದ ನೆಲ ನೀರು ಕುಡಿಯಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಮುಳುಗಿದಾಗ ನೆಲಮಾಳಿಗೆಯ ಕಾರುಗಳೂ ಮುಳುಗಿದವು. ಕಾರಿಗಾದರೆ ವಿಮೆ ಉಂಟು. ಶೆಡ್ಡಿನಲ್ಲಿ ನೆಂದ ರಾಗಿಗೆ, ಮಕ್ಕಳ ಪುಸ್ತಕಕ್ಕೆ ಯಾವ ವಿಮೆ?

ಈ ನಿಯಮ ದೇವರು ಬರೆದದ್ದಲ್ಲ. ಮೆಕ್ಸಿಕೋ ನಗರ 2017ರಲ್ಲಿ ‘ಕನಿಷ್ಠ ಇಷ್ಟು ಕಾರಿಗೆ ಜಾಗ ಬಿಡಿ’ ಅನ್ನೋದನ್ನು ಕಿತ್ತುಹಾಕಿ, ‘ಇದಕ್ಕಿಂತ ಹೆಚ್ಚು ಬಿಡಬೇಡಿ’ ಅಂತ ಮಾಡಿತು. ಇಲ್ಲೂ ಮಾಡಬಹುದು. ಆದರೆ ಉಳಿದ ಜಾಗ ಬಿಲ್ಡರ ಜೇಬಿಗೆ ಹೋದರೆ ನಮಗೇನು ಬಂತು? 2013ರ ಜನವರಿಯಲ್ಲಿ ಈಜಿಪುರದ ಬಡವರ ವಸತಿ ನೆಲಸಮ ಆಯ್ತು. ಆ ಜಾಗದ ಖಾಸಗಿ ಪಾಲುದಾರಿಕೆಯಲ್ಲಿ ಮಾಲ್ ಕೂಡ ಇತ್ತು. ಅಭಿವೃದ್ಧಿ ಹೆಸರಲ್ಲಿ ಒಕ್ಕಲೆಬ್ಬಿಸಿದ್ದು ಸಾಲದೆ, ನಾಳೆ ಪರಿಸರದ ಹೆಸರಲ್ಲೂ ಒಕ್ಕಲೆಬ್ಬಿಸಿದರೆ ನಾವು ಸುಮ್ಮನಿರೋದಿಲ್ಲ.

ನಾವು ಕೇಳೋದು ಮೂರು. ಕಾರಿಗೆ ಕಡ್ಡಾಯ ಜಾಗದ ನಿಯಮ ತೆಗೆಯಿರಿ. ಉಳಿದ ಜಾಗದಲ್ಲಿ ಬಡವರ ಮನೆಗೆ, ಹಾಸ್ಟೆಲಿಗೆ ಪಾಲು ಬರೆದಿಡಿ. ರಸ್ತೆ ಬದಿ ನಿಲ್ಲೋ ಕಾರಿಗೆ ಬಾಡಿಗೆ ಹಾಕಿ, ಆ ದುಡ್ಡಲ್ಲಿ ಕೇರಿಗೆ ಬಸ್ಸು ಬಿಡಿ.

ನಗರ ಯೋಜನೆಯ ಕರಡು ಹೊರಬಿದ್ದಾಗ ಆಕ್ಷೇಪಣೆ ಬರೆಯುವ ಹಕ್ಕು ನಮಗೂ ಇದೆ. ಇಷ್ಟು ದಿನ ಅದನ್ನು ಉಳ್ಳವರು ಬಳಸಿದರು. ಗೆಳೆಯರೇ, ಈ ಸಲ ಪ್ರತಿ ಹಾಸ್ಟೆಲಿನಿಂದ ಒಂದೊಂದು ಅರ್ಜಿ ಹೋಗಲಿ.