ಜೂನ್ ಒಂದನೇ ತಾರೀಖಿನ ಮಕ್ಕಳು



ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ಹಳೆಯ ಶಾಲಾ ದಾಖಲಾತಿ ಪುಸ್ತಕಗಳನ್ನು ತೆರೆದರೆ ಒಂದು ಸೋಜಿಗ ಕಾಣುತ್ತದೆ. ಎಷ್ಟೋ ಮಕ್ಕಳು ಜೂನ್ ಒಂದರಂದೇ ಹುಟ್ಟಿದವರು! ಆ ಜನ್ಮದಿನ ದಯಪಾಲಿಸಿದ ಬ್ರಹ್ಮರು ನಾವೇ, ಮಾಸ್ತರರು. ತಾಯಂದಿರು “ಸೀಗೆ ಹುಣ್ಣಿಮೆಯ ಮುಂದಿನ ವಾರ” ಎನ್ನುತ್ತಿದ್ದರು. ನಮಗೆ ಬೇಕಾದದ್ದು ಅಂಕಿ. ವಯಸ್ಸು ನಾಲ್ಕಾರು ತಿಂಗಳು ಕಡಿಮೆ ಬಿದ್ದರೆ ಮಗು ದನ ಕಾಯಲು ಹೋದೀತೆಂಬ ಭಯ ಬೇರೆ. ಜೂನ್ ಒಂದು ಎಂದು ಬರೆದು ಒಳಗೆ ಕೂರಿಸಿಕೊಂಡೆವು. ಉದ್ದೇಶ ಒಳ್ಳೆಯದಿತ್ತು, ಆದರೆ ಬರೆದದ್ದು ಸುಳ್ಳು.

ಕಳೆದ ತಿಂಗಳು ಆ ಸುಳ್ಳು ನನ್ನನ್ನು ಹುಡುಕಿಕೊಂಡು ಬಂತು. ದಾಂಡೇಲಿಯ ಹಳೆಯ ವಿದ್ಯಾರ್ಥಿಯೊಬ್ಬ ಈಗ ಬೆಂಗಳೂರಿನಲ್ಲಿ ಇಂಜಿನಿಯರ್. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಅವನಿಗೆ ಆಹ್ವಾನ ಬಂದಿದೆ; 60 ದಿನಗಳೊಳಗೆ ಸಕಲ ಕಾಗದಪತ್ರಗಳೊಡನೆ ಅರ್ಜಿ ಸಲ್ಲಿಸಬೇಕು. ಜನನ ಪ್ರಮಾಣಪತ್ರದಲ್ಲಿ 1991ರ ಅಕ್ಟೋಬರ್ 28, ಶಾಲಾ ದಾಖಲೆಯಲ್ಲೂ ಅದನ್ನನುಸರಿಸಿದ ಪಾಸ್‌ಪೋರ್ಟಿನಲ್ಲೂ ಜೂನ್ 1. “ಹೊಸ ಜನನ ಪತ್ರ ಮಾಡಿಸೋಣ, ಅನುಭವ ಪತ್ರವನ್ನೂ ನಾವೇ ತಯಾರಿಸುತ್ತೇವೆ” ಎಂದನಂತೆ ಏಜೆಂಟ. ಮನೆಯ ಹಿರಿಯರೂ “ಅಷ್ಟು ದೂರದವರಿಗೆ ಏನು ಗೊತ್ತಾಗುತ್ತದೆ?” ಎಂದರಂತೆ. ಫೋನಿನಲ್ಲಿ ನನ್ನ ದನಿ ತುಸು ಏರಿತು. ಇಲ್ಲಿ ಸಮಾಧಾನದಿಂದ ಬರೆಯಲು ಯತ್ನಿಸುತ್ತೇನೆ.

ಅನುಭವ ಪತ್ರದಲ್ಲಿ ಹುದ್ದೆ, ದುಡಿದ ಅವಧಿ, ವಾರದ ಗಂಟೆಗಳು, ಸಂಬಳ, ಮಾಡಿದ ಕೆಲಸಗಳ ವಿವರ, ಮೇಲಧಿಕಾರಿಯ ಸಹಿ ಎಲ್ಲವೂ ಇರಬೇಕೆಂದು ಕೆನಡಾ ಕೇಳುತ್ತದೆ. ನಮ್ಮ ಅನೇಕ ಕಂಪನಿಗಳು ಕೊಡುವುದು ಎರಡು ಸಾಲಿನ ಬಿಡುಗಡೆ ಪತ್ರ. ಈ ಸಂದಿನಲ್ಲಿಯೇ ಏಜೆಂಟನ ಅಂಗಡಿ ತೆರೆದುಕೊಳ್ಳುವುದು. ಆತ ಮಾಡುವುದಾದರೂ ಏನು? ಕೆನಡಾ ಸರ್ಕಾರದ್ದೇ ಉದ್ಯೋಗ ವರ್ಗೀಕರಣದ ಪಟ್ಟಿಯಿಂದ ಕೆಲಸಗಳನ್ನು ಅಕ್ಷರಶಃ ಇಳಿಸುತ್ತಾನೆ. ನಕಲು ಹಿಡಿಯಲು ನನಗೆ ಎರಡು ಉತ್ತರಪತ್ರಿಕೆ ಸಾಕಿತ್ತು. ಅಲ್ಲಿಯ ಅಧಿಕಾರಿಯ ಮುಂದೆ ಇಂಥವು ರಾಶಿ ಬಿದ್ದಿರುತ್ತವೆ. ಕಂಪನಿಗೆ ಕರೆ ಮಾಡಿ ಕೇಳುವ ಅಧಿಕಾರವೂ ಅವರಿಗಿದೆ. ಸುಳ್ಳು ಸಿಕ್ಕಿಬಿದ್ದರೆ 5 ವರ್ಷ ಬಾಗಿಲು ಬಂದ್; 2014ರ ನವೆಂಬರಿಗೆ ಮುಂಚೆ ಅದು 2 ವರ್ಷವಿತ್ತು. ಪತ್ರ ಸೃಷ್ಟಿಸಿದವನು ಏಜೆಂಟನಾದರೂ ಅರ್ಜಿಯ ಹೊಣೆ ಅರ್ಜಿದಾರನದೇ.

“ಕಂಪನಿ ಕೊಡದಿದ್ದರೆ ಏನು ಮಾಡಲಿ ಸರ್?” ಎಂದ. ನ್ಯಾಯವಾದ ಪ್ರಶ್ನೆ. ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಫಾರ್ಮ್ 16, ಭವಿಷ್ಯನಿಧಿಯ ಲೆಕ್ಕ, ಕೈಕೆಳಗೆ ದುಡಿಸಿಕೊಂಡವರ ಸಹಿಯುಳ್ಳ ಹೇಳಿಕೆ, ಇವುಗಳೊಡನೆ ಪತ್ರ ಏಕೆ ಸಿಗಲಿಲ್ಲವೆಂಬ ವಿವರಣೆಯನ್ನು ಲಗತ್ತಿಸಲು ಅವಕಾಶವಿದೆ. ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು. ಆದರೆ ಅಲ್ಲಿ ಅಡಗಿಸುವಂಥದ್ದೇನೂ ಇರುವುದಿಲ್ಲ.

ಏಜೆಂಟನ ಕಣ್ಣಿಗೆ ಬಿದ್ದ ಇನ್ನೊಂದು “ದೋಷ” ಕೇಳಿ. ಜನನ ಪತ್ರದಲ್ಲಿ ಹಳಿಯಾಳ ತಾಲೂಕು, ಆಧಾರ್‌ನಲ್ಲಿ ದಾಂಡೇಲಿ ತಾಲೂಕು! ಆಗ ದಾಂಡೇಲಿ ಹಳಿಯಾಳಕ್ಕೆ ಸೇರಿತ್ತು, ಈಗ ತಾನೇ ತಾಲೂಕಾಗಿದೆ. ಅವನ ತಂದೆಯ ದಾಖಲೆಯಲ್ಲಿರುವ ಹಳೆಯ ಸೂಪಾ ಊರಂತೂ ಕಾಳಿಯ ಹಿನ್ನೀರಿನ ತಳದಲ್ಲಿದೆ. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಇದನ್ನು ಎರಡು ವಾಕ್ಯದಲ್ಲಿ ತಿಳಿಸಿದರೆ ಮುಗಿಯಿತು. ಇದಕ್ಕೂ ಖೋಟಾ ಕಾಗದವೇ?

ಅಂದ ಹಾಗೆ, ನನ್ನ ತಂಗಿಯ ಮಗನಿಗೂ ಒಂದು ಮಾತು: ಕನ್ನಡದ ದಾಖಲೆಗಳನ್ನು ಸಂಬಂಧಿಕರು ಅನುವಾದಿಸುವಂತಿಲ್ಲ. ಮಾವ ಇಂಗ್ಲಿಷ್ ಮಾಸ್ತರನಾದರೂ ಅಷ್ಟೇ, ಹೊರಗಿನವರಿಂದ ಮಾಡಿಸು. ವಿಶ್ವವಿದ್ಯಾಲಯದ ಅಂಕಪತ್ರಗಳಿಗೆ ಧಾರವಾಡಕ್ಕೆ ಅಲೆಯುವುದನ್ನೂ ಆಹ್ವಾನ ಬರುವ ಮೊದಲೇ ಮುಗಿಸಿಕೋ.

ದಾಂಡೇಲಿಯ ಹುಡುಗನಿಗೆ ನಾನು ಹೇಳಿದ್ದಿಷ್ಟು: ಅರ್ಜಿಯಲ್ಲಿ ಪಾಸ್‌ಪೋರ್ಟಿನ ತಾರೀಖನ್ನೇ ಬರೆ, ಜನನ ಪತ್ರದಲ್ಲಿ ಬೇರೆ ತಾರೀಖಿದೆಯೆಂದು ವಿವರಣೆ ಪತ್ರದಲ್ಲಿ ಒಪ್ಪಿಕೋ, ಜೊತೆಗೆ ನನ್ನದೊಂದು ಹೇಳಿಕೆ ಇಡು. ಮರುದಿನವೇ ಬರೆದು ಕಳಿಸಿದೆ. 1997ರ ಜೂನಿನಲ್ಲಿ ಈ ಮಗುವನ್ನು ಒಂದನೆಯ ತರಗತಿಗೆ ಸೇರಿಸಿಕೊಂಡವನು ನಾನು, ತಾಯಿ ಹೇಳಿದ ದಿನ ಬೇರೆಯಾಗಿತ್ತು, ಜೂನ್ 1 ಎಂದು ಬರೆದದ್ದು ನನ್ನ ಕೈ. ನನ್ನ ಅಕ್ಷರದ ಇತರ ಜೂನ್ ಒಂದರ ಮಕ್ಕಳಿಗೂ ಬೇಕಾದರೆ ತಿಳಿಸಿ. ಸಹಿ ಮಾಡುವಾಗ ಕೈ ನಡುಗುತ್ತದೆ, ಆದ್ದರಿಂದ ಒಂದು ವಾರ ಮೊದಲೇ ಹೇಳಿ.