ಬೂದು ಬಣ್ಣದ ಭರವಸೆ: ಕತ್ತಲೆಕೋಣೆಯಿಂದ ಪ್ರಿಂಟರ್‌ವರೆಗೆ

ಮಹಾಂತೇಶ ನಗರದ ಪಡಸಾಲೆಗಳಲ್ಲಿ ಇಂದಿಗೂ ತೂಗುವ ಹಿರಿಯರ ಕಪ್ಪು-ಬಿಳುಪು ಪಟಗಳಲ್ಲಿ ಬಹಳಷ್ಟು ಬೆಳಗಾವಿಯ ಗಲ್ಲಿಗಳ ಸ್ಟುಡಿಯೊಗಳಲ್ಲಿ, ಕೆಂಪು ದೀಪದಡಿ ಬ್ರೋಮೈಡ್ ಕಾಗದದ ಮೇಲೆ ಮೂಡಿದವು. ಡೆವಲಪರ್ ತಟ್ಟೆಯಲ್ಲಿ ಎಷ್ಟು ಹೊತ್ತು ಬಿಡಬೇಕು, ಮುಖದ ನೆರಳನ್ನು ಅಂಗೈ ಮರೆ ಮಾಡಿ ಎಷ್ಟು ತಿಳಿಗೊಳಿಸಬೇಕು ಎಂಬ ಲೆಕ್ಕ ಮುದ್ರಿಸುವವನ ಕೈಯಲ್ಲೇ ಇತ್ತು. ಆಮೇಲೆ ಕಲರ್ ಲ್ಯಾಬ್‌ಗಳು ಬಂದವು, ಕತ್ತಲೆಕೋಣೆಗಳು ಸಾಮಾನಿನ ಕೋಣೆಗಳಾದವು. ಡಿಜಿಟಲ್ ಕ್ಯಾಮೆರಾದ ಮೊದಲ ವರ್ಷಗಳಲ್ಲಿ ಕಪ್ಪು-ಬಿಳುಪು ಕಡತವನ್ನು ಲ್ಯಾಬಿಗೆ ಕೊಟ್ಟರೆ ಬಣ್ಣದ ಕಾಗದದ ಮೇಲೆಯೇ ಮುದ್ರಿಸಿಕೊಡುತ್ತಿದ್ದರು. ಅಜ್ಜನ ಬಿಳಿ ಪಟಗ ಒಮ್ಮೆ ಹಸಿರು ಛಾಯೆಯಲ್ಲಿ, ಇನ್ನೊಮ್ಮೆ ನಸುಗೆಂಪಿನಲ್ಲಿ ಬಂದದ್ದು ನಮ್ಮಲ್ಲಿ ಅನೇಕರಿಗೆ ನೆನಪಿದೆ.

ಮನೆಗೆ ಬಂದ ಇಂಕ್‌ಜೆಟ್ ಪ್ರಿಂಟರ್ ಈ ಕೊರತೆಯನ್ನು ನೀಗುತ್ತದೆಂಬ ಆಸೆ ಬಹುಕಾಲ ಕೈಗೂಡಲಿಲ್ಲ. ಒಂದೇ ಕಪ್ಪು ಶಾಯಿಯ ಯಂತ್ರವು ಬೂದು ಬಣ್ಣವನ್ನು ನೀಲಿ, ಕೆನ್ನೀಲಿಗೆಂಪು, ಹಳದಿಗಳ ಬೆರಕೆಯಿಂದ ಕಟ್ಟುತ್ತಿತ್ತು. ಟ್ಯೂಬ್‌ಲೈಟಿನಡಿ ಸರಿಯಾಗಿ ಕಂಡ ಚಿತ್ರ ಅಂಗಳದ ಬಿಸಿಲಿಗೆ ತಂದೊಡನೆ ಬಣ್ಣ ಬದಲಿಸುತ್ತಿತ್ತು. 2005ನೆಯ ಇಸವಿ ಈ ಕಥೆಯ ತಿರುವು. ಕೊಡಾಕ್ ತನ್ನ ಕಪ್ಪು-ಬಿಳುಪು ಕಾಗದದ ತಯಾರಿಕೆಯನ್ನು ನಿಲ್ಲಿಸುವುದಾಗಿ ಹೇಳಿದ ವರ್ಷವೇ ಎಪ್ಸನ್ ಮೂರು ಸಾಂದ್ರತೆಯ ಕಪ್ಪು ಶಾಯಿಗಳುಳ್ಳ ಕೆ3 ಪ್ರಿಂಟರ್‌ಗಳನ್ನೂ ಅವುಗಳ ಡ್ರೈವರಿನಲ್ಲೇ 'ಅಡ್ವಾನ್ಸ್ಡ್ ಬ್ಲ್ಯಾಕ್ ಅಂಡ್ ವೈಟ್' ಎಂಬ ವಿಧಾನವನ್ನೂ ತಂದಿತು. ಗುಂಡಿ ಒತ್ತಿದರೆ ಕತ್ತಲೆಕೋಣೆಯ ಬೂದು ಮರಳುತ್ತದೆ ಎಂಬುದು ಅಂದಿನ ಭರವಸೆ. ಅರ್ಧದಷ್ಟು ಈಡೇರಿತು, ಅದೂ ಸಣ್ಣದಲ್ಲ. ಬಣ್ಣದ ಛಾಯೆ ಹೋಯಿತು, ಪಿಗ್ಮೆಂಟ್ ಶಾಯಿಯಿಂದ ಬಾಳಿಕೆ ಬಂತು, ಹತ್ತನೆಯ ಪ್ರತಿ ಮೊದಲನೆಯದರಂತೆಯೇ ಬರತೊಡಗಿತು.

ಈಡೇರದ ಅರ್ಧವನ್ನು ನೋಡಬೇಕೆಂದರೆ ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಗೆ ಹೋಗಬೇಕು. 1204ರ ಆ ಬಸದಿಯ ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲದ ದಳಗಳ ನಡುವೆ ನೆರಳಿನೊಳಗೊಂದು ನೆರಳಿದೆ. ಎಪ್ಸನ್ನಿನ ಈ ವಿಧಾನ ಅನೇಕ ಪ್ರಿಂಟರ್‌ಗಳಲ್ಲಿ ತಾನಾಗಿಯೇ 'ಡಾರ್ಕರ್' ಎಂಬ ಆಯ್ಕೆಯಲ್ಲಿ ನಿಂತಿರುತ್ತದೆ. ಆ ಕಮಲದ ಚಿತ್ರವನ್ನು ಹಾಗೆಯೇ ಮುದ್ರಿಸಿದರೆ ಒಳದಳಗಳೆಲ್ಲ ಒಂದೇ ಕಪ್ಪಾಗುತ್ತವೆ. 'ನಾರ್ಮಲ್'ಗೆ ಇಳಿಸಿದರೆ ತಕ್ಕಮಟ್ಟಿಗೆ ಬಿಡಿಸಿಕೊಳ್ಳುತ್ತವೆ. ಆದರೆ ಯಾವ ಶಾಯಿ ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಗಬೇಕೆಂದು ಹೇಳುವ ಅಧಿಕಾರ ನಮಗಿಲ್ಲ. ಆ ಅಧಿಕಾರ ಕೊಟ್ಟದ್ದು ರಿಪ್ ಎನ್ನುವ ಬೇರೆ ತಂತ್ರಾಂಶಗಳು. ಇಮೇಜ್‌ಪ್ರಿಂಟ್ ಒಳ್ಳೆಯದೇ, ಆದರೆ ನಮ್ಮ ಊರಿನ ಸ್ಟುಡಿಯೊ ಹೊರುವ ಬೆಲೆಯದಲ್ಲ. ಜಾನ್ ಕೋನ್ ಅವರ ಪೀಜೋಗ್ರಫಿಯಲ್ಲಿ ಬಣ್ಣದ ಶಾಯಿಗಳನ್ನೇ ತೆಗೆದು ಬಗೆಬಗೆಯ ಬೂದು ಶಾಯಿ ತುಂಬಬೇಕು. ಮದುವೆ ಆಲ್ಬಮ್ಮಿನಿಂದ ಬದುಕುವವರು ಒಂದು ಪ್ರಿಂಟರನ್ನು ಅದಕ್ಕೇ ಮೀಸಲಿಡುವುದು ಕಷ್ಟ. ರಾಯ್ ಹ್ಯಾರಿಂಗ್ಟನ್ ರೂಪಿಸಿದ ಕ್ವಾಡ್‌ಟೋನ್ ರಿಪ್ಪನ್ನು ಬಳಸಿ ನೋಡಿ, ಹಿಡಿಸಿದರೆ 50 ಡಾಲರ್ ಕೊಡಬಹುದಿತ್ತು. 21 ಮೆಟ್ಟಿಲುಗಳ ಬೂದುಪಟ್ಟಿಯನ್ನು ಮುದ್ರಿಸಿ, ಅಳೆದು, ಯಾವ ಬೂದಿಗೆ ಎಷ್ಟು ಶಾಯಿ ಎಂದು ಹೇಳುವ ಒಂದು ಕರ್ವನ್ನು ಆ ಕಾಗದಕ್ಕೆಂದೇ ಕಟ್ಟಿಕೊಳ್ಳುವ ಅದರ ಕ್ರಮವೇ ಹಳೆಯ ಮುದ್ರಕನ ಶಿಸ್ತಿಗೆ ಹತ್ತಿರವಾದದ್ದು ಎಂದು ನಾವು ನಂಬುತ್ತೇವೆ. ಇಷ್ಟಾದರೂ ಅದು ಮುಖ್ಯವಾಗಿ ಎಪ್ಸನ್ ಯಂತ್ರಗಳಿಗೇ ಕಟ್ಟುಬಿದ್ದದ್ದು. ಅಲ್ಲದೆ ಬೇರೆ ದೇಶದ ಒಣ ಹವೆಯಲ್ಲಿ, ಬೇರೆ ಕಾಗದದ ಮೇಲೆ ಯಾರೋ ಕಟ್ಟಿದ ಕರ್ವನ್ನು ತಂದು ಹಾಕಿ ಸುಮ್ಮನಾಗುವ ರೂಢಿಯೂ ಅದರೊಂದಿಗೇ ಬೆಳೆಯಿತು. ಖಾನಾಪುರದ ಆಷಾಢದಲ್ಲಿ ಹಸಿ ಹೀರಿದ ಕಾಗದದ ಮೇಲೆ ಶಾಯಿ ಹರಡುವ ಬಗೆಯೇ ಬೇರೆ. ಎಪ್ರಿಲ್ ಬಿಸಿಲಿನಲ್ಲಿ ಯಂತ್ರವನ್ನು ವಾರಗಟ್ಟಲೆ ಬಿಟ್ಟರೆ ನಾಜಲ್‌ಗಳು ಕಟ್ಟಿಕೊಳ್ಳುತ್ತವೆ. ಈ ತಿಳಿವಳಿಕೆ ಯಾವ ತಂತ್ರಾಂಶದ ಜೊತೆಗೂ ಬರಲಿಲ್ಲ.

ಕಳೆದ ದಶಕದಲ್ಲಿ ಇಂಕ್ ಟ್ಯಾಂಕ್ ಯಂತ್ರಗಳು ಬಂದು ಖರ್ಚು ಇಳಿಸಿದವು. ಆದರೆ ಸ್ಟುಡಿಯೊಗಳು ಹೆಚ್ಚಾಗಿ ಕೊಂಡ ಆರು ಬಣ್ಣದವುಗಳಲ್ಲಿ ಬೂದು ಶಾಯಿಯೇ ಇಲ್ಲ. ಅಗ್ಗವಾದೊಡನೆ ಆ ಹಳೆಯ ಹಸಿರು ಛಾಯೆಯೂ ಹಿಂತಿರುಗಿತು. ಹೀಗಾಗಿ ತಂತ್ರಾಂಶಕ್ಕಿಂತ ಮೊದಲು ಶಾಯಿಯನ್ನು ವಿಚಾರಿಸಿ ಎಂಬುದೇ ನಮ್ಮ ಮಾತು. ಮೂರು ಕಪ್ಪುಗಳಿದ್ದರೆ ಕಂಪನಿಯ ಡ್ರೈವರ್‌ನಿಂದ ಆರಂಭಿಸಬಹುದು, ಅದು ಸಾಲದೆನಿಸಿದಾಗ ರಿಪ್ಪಿಗೆ ಹೋಗಬಹುದು. ಈ ಆಯ್ಕೆ ಈಗ ತುರ್ತಿನದು. ಮುಚ್ಚಿದ ಸ್ಟುಡಿಯೊಗಳ ಅಟ್ಟದಲ್ಲಿ ನೆಗೆಟಿವ್‌ಗಳು ಪ್ರತಿ ಮಳೆಗಾಲವೂ ಬೂಷ್ಟು ಹಿಡಿಯುತ್ತಿವೆ. ಅವನ್ನು ಸ್ಕ್ಯಾನ್ ಮಾಡಿದರೆ ಕೆಲಸದ ಅರ್ಧ ಮಾತ್ರ ಆಗುತ್ತದೆ. ಕಾಗದಕ್ಕೆ ತರುವಾಗ ಬಳಸಿದ ಶಾಯಿ, ಕಾಗದ, ಕರ್ವ್ ಮತ್ತು ಋತುವನ್ನು ಪ್ರತಿಯೊಂದರ ಬೆನ್ನಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟರೆ, ಈ ಯಂತ್ರ ಕೆಟ್ಟು ಹೊಸ ವಿಂಡೋಸ್ ಬಂದ ಮೇಲೂ ಮುಂದಿನವರು ಕೆಲಸವನ್ನು ಅಲ್ಲಿಂದಲೇ ಎತ್ತಿಕೊಳ್ಳಬಹುದು.